‘ಆರಾಮ್ ಅದೀನ್ರಿ’ ಎಂದದ್ದಕ್ಕೆ ಸಿಕ್ಕ ದರ್ಜೆ

ವಿಕಲಚೇತನರಲ್ಲಿ ಯಾರಿಗೆ ಮೊದಲು ಉದ್ಯೋಗ ತರಬೇತಿ ಕೊಡಬೇಕೆಂದು ತೀರ್ಮಾನಿಸಲು ಬಳ್ಳಾರಿಗೆ ಹೊಸದಾಗಿ ಬಂದಿರುವ ಅಧಿಕಾರಿಗಳ ಸನ್ನಿಧಿಗೆ, ಸಿರುಗುಪ್ಪದ ಪಂಪಾವತಿಯು ಊರುಗೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ವಾರದ ಶಿಬಿರದಲ್ಲಿ ತಾವು ತಲೆ ಎತ್ತದೆಯೇ ನಮ್ಮನ್ನು ತೀವ್ರ, ಮಧ್ಯಮ, ಅಲ್ಪ ಎಂದು ವಿಂಗಡಿಸಿದ ವೇಗಕ್ಕೆ ಬೆರಗಾದೆವು. ಬ್ರೂಸ್‌ಪೇಟೆಯಲ್ಲಿ ಮೆಣಸಿನಕಾಯಿ ವಿಂಗಡಿಸುವವರೂ ಒಮ್ಮೆ ಕಣ್ಣು ಹಾಯಿಸುತ್ತಾರೆ. ತಾವು "ಆರಾಮಾಗಿದ್ದೀರಾ?" ಎಂದು ಕೇಳಿದಿರಿ. ನಾನು "ಆರಾಮ್ ಅದೀನ್ರಿ" ಎಂದೆ. ನಮ್ಮ ಕಡೆ ಅದು ಉತ್ತರವಲ್ಲ, ಮರ್ಯಾದೆ. ಮೈಮೇಲೆ ಗೋಡೆ ಬಿದ್ದವರೂ ಇಟ್ಟಿಗೆಯ ಸಂದಿಯಿಂದ ಹಾಗೆಯೇ ಅನ್ನುತ್ತಾರೆ. ತಾವು ಅದನ್ನು ವೈದ್ಯಕೀಯ ಸತ್ಯವೆಂದು ಭಾವಿಸಿ, ಮೊಣಕಾಲಿನ ಕೆಳಗೆ ಇಲ್ಲದ ನನ್ನ ಎಡಗಾಲನ್ನು ‘ಅಲ್ಪ’ಕ್ಕೆ ಸೇರಿಸಿದಿರಿ. ಎರಡೂ ಕಣ್ಣು ಕಾಣದ ಕುರುಗೋಡಿನ ಗವಿಸಿದ್ದಪ್ಪನವರು "ನಾ ಆರಾಮ್ ಅದೀನ್ರಿ, ನೀವು ಆರಾಮ್ ಅದೀರಿಲ್ರಿ?" ಎಂದು ತಮ್ಮನ್ನೇ ವಿಚಾರಿಸಿದ ತಪ್ಪಿಗೆ ಅಲ್ಪಕ್ಕಿಂತಲೂ ಕೆಳಗಿಳಿದರು.

ನನ್ನನ್ನು ಬಸ್ಸಿನಲ್ಲಿ ಕರೆತಂದು ಸಾಲಿನಲ್ಲಿ ಹಿಂದೆ ನಿಂತಿದ್ದ, ಕೈಕಾಲು ಗಟ್ಟಿಯಿರುವ ಮೈದುನ ಮಾರೇಶ ಮಾತ್ರ, ನೆಗಡಿಯಾಗಿದ್ದರಿಂದ, ಪ್ರಾಮಾಣಿಕವಾಗಿ "ಆರಾಮಿಲ್ರಿ" ಎಂದು ಸೀನಿದ. ತಾವು ಅವನನ್ನು ‘ತೀವ್ರ’ ಎಂದು ಸಾರಿ, ಜೀನ್ಸ್ ಕಾರ್ಖಾನೆಯಲ್ಲಿ ಉಳಿದಿದ್ದ ಒಂದೇ ಹೊಲಿಗೆ ತರಬೇತಿಯ ಸೀಟನ್ನು, ಮುಂದಿನ ನೌಕರಿಯ ಭರವಸೆಯ ಸಮೇತ, ಅವನಿಗೇ ದಯಪಾಲಿಸಿದಿರಿ. ನೆಗಡಿ ಮರುದಿನವೇ ಹೋಯಿತು, ಸೀಟು ಹೋಗಲಿಲ್ಲ. ಆ ಸೀಟು ನನಗೆ ಬೇಕಿತ್ತು ಸ್ವಾಮಿ. ಮನೆಯಲ್ಲಿ ರವಿಕೆ ಹೊಲಿಯುತ್ತ ಕುಳಿತವಳಿಗೆ ಕಾರ್ಖಾನೆಯ ದೊಡ್ಡ ಮಷಿನ್ ಮುಂದೆ ಕೂರುವ ಆಸೆ ಇತ್ತು, ಈಗಲೂ ಇದೆ.

ಆದಕಾರಣ, ಮುಂದಿನ ಶಿಬಿರಕ್ಕೆ ಮೊದಲು ನಮಗೆಲ್ಲ ಸರ್ಕಾರದ ವತಿಯಿಂದ ತಲಾ ಒಂದು ನೆಗಡಿ ಮಂಜೂರು ಮಾಡಿಸಬೇಕು. ಅನುದಾನ ಸಾಲದಿದ್ದರೆ, ತಮಗೆ ಎಷ್ಟೇ ಕಷ್ಟವಾದರೂ, ಒಮ್ಮೆ ತಲೆ ಎತ್ತಿ ನೋಡುವ ಕೃಪೆ ಮಾಡಬೇಕು.

ಸದ್ಯಕ್ಕೆ, ತೀವ್ರ ದರ್ಜೆಯವರ ಜೊತೆ ಸಹಾಯಕರೊಬ್ಬರು ಇರಬೇಕೆಂಬ ತಮ್ಮ ನಿಯಮದಂತೆ ಮಾರೇಶ ನನ್ನನ್ನೇ ನೇಮಿಸಿಕೊಂಡಿದ್ದಾನೆ. ಸೋಮವಾರದಿಂದ ಅವನು ಹೊರಗೆ ಚಹಾ ಕುಡಿಯುತ್ತಾನೆ, ನಾನು ಒಳಗೆ ಹೊಲಿಯುತ್ತೇನೆ. ನೌಕರಿ ಮಾತ್ರ ಅವನ ಹೆಸರಿಗೇ ಬರಲಿದೆ.

ತಮ್ಮ ತಲೆ ಏಳುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಪಂಪಾವತಿ (ಅಲ್ಪ)

ತಾ.ಕ.: ಶಿಬಿರ ಮುಗಿಸಿ ತಾವು ಎದ್ದು ಹೊರಟಾಗ ತಮ್ಮ ಪ್ಯಾಂಟಿನ ಹಿಂಬದಿಯ ಹೊಲಿಗೆ ಪೂರ್ತಿ ಬಿಟ್ಟಿತ್ತು. ಮರ್ಯಾದೆಗೆ ಯಾರೂ ಹೇಳಲಿಲ್ಲ. ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ, ಅದು ತೀವ್ರ. ಕಳಿಸಿಕೊಡಿ, ಮೊದಲ ಆದ್ಯತೆಯಲ್ಲಿ ಹೊಲಿದುಕೊಡುತ್ತೇನೆ.