ಇ-ಮೇಲಿನ ಸುಳಿ ನೋಡುವವನು

ನನ್ನ ಮೈದುನನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಕನ್ನಡವೂ ಅಷ್ಟಕ್ಕಷ್ಟೇ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನೇ ಅವನ ಮುಂದೆ ಪಂಡಿತೆ. ಆದರೂ ನಮ್ಮ ತಿಳವಳ್ಳಿಯಲ್ಲಿ ಯಾರ ಫೋನಿಗೆ ಇ-ಮೇಲ್ ಬಂದರೂ ಅದು ಖರೆಯೋ ಮೋಸವೋ ಎಂದು ತೀರ್ಪು ಕೊಡುವವನು ಅವನೇ. ನಗಬೇಡಿ. ನಿಮ್ಮ ಫೋನಿಗೂ ಒಂದು ದಿನ ಬರುತ್ತದೆ!

ಮೂವತ್ತು ವರ್ಷ ಅವನು ದನದ ದಲ್ಲಾಳಿಯಾಗಿದ್ದ. ಹಿರೇಕೆರೂರಿರಲಿ ಸವಣೂರಿರಲಿ, ಎತ್ತಿನ ಹಲ್ಲು, ಗೊರಸು, ಬಾಲ, ಮೈಮೇಲಿನ ಸುಳಿ ನೋಡಿ ಅದರ ಜಾತಕ ಹೇಳುತ್ತಿದ್ದ. ಟ್ರ್ಯಾಕ್ಟರುಗಳು ಬಂದವು, ಎತ್ತು ಕೊಳ್ಳುವವರು ಕಡಿಮೆಯಾದರು. ಮನೆಯಲ್ಲಿ ಕುಳಿತವನು ಸುಮ್ಮನೆ ಕೂರಬೇಕಲ್ಲವೇ? ಒಂದು ದಿನ ನನ್ನ ಸೊಸೆ ಫೋನಿನಲ್ಲಿ ಇ-ಮೇಲ್ ನೋಡುತ್ತಿದ್ದಾಗ ಇಣುಕಿದ. ವಿಳಾಸದ ನಡುವೆ ಸುತ್ತಿಕೊಂಡ ಗುರುತೊಂದು ಇರುತ್ತದಲ್ಲ, ಅದನ್ನು ಕಂಡವನೇ "ಇದಕ್ಕ ಸುಳಿ ಐತಲ್ಲವಾ" ಎಂದ. ಮುಗಿಯಿತು. ಅವತ್ತಿನಿಂದ ಇ-ಮೇಲ್ ಎತ್ತಾಯಿತು!

ಅವನ ಪರೀಕ್ಷೆ ಮುಖದಿಂದ ಶುರು. ಹೆಸರು ಹಿಡಿದು ಕರೆದಿದ್ದಾರೋ, 'ಪ್ರಿಯ ಗ್ರಾಹಕರೇ' ಎಂದಿದ್ದಾರೋ ಎಂದು ಓದಿಸಿ ಕೇಳುತ್ತಾನೆ. ಹೆಸರೇ ಗೊತ್ತಿಲ್ಲದವನಿಗೆ ಪ್ರೀತಿ ಎಲ್ಲಿಂದ ಬಂತು? ಆಮೇಲೆ ಅವಸರ. ಇವತ್ತೇ ಒತ್ತಿ, ಈಗಲೇ ಒತ್ತಿ ಎನ್ನುವವನ ಮೇಲೆ ಅವನಿಗೆ ಗುಮಾನಿ. ಸಂತೆಯಲ್ಲಿ ಕುಂಟು ಎತ್ತು ತಂದವನಿಗೇ ಅವಸರ ಜಾಸ್ತಿಯಂತೆ. ಕೊನೆಗೆ ಬಾಲ, ಅಂದರೆ ಸುಳಿಯ ಮುಂದಿನ ಅಕ್ಷರಗಳು. ಖರೆ ವಿಳಾಸ ಎಲ್ಲಾದರೂ ಅಚ್ಚಾಗಿದ್ದರೆ ಅದನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರದ ಆಕಾರ ತಾಳೆ ನೋಡುತ್ತಾನೆ. ಅಷ್ಟರಲ್ಲಿ ನಾನು ಹತ್ತು ರೊಟ್ಟಿ ಬಡಿದು ಮುಗಿಸಿರುತ್ತೇನೆ.

ಹುಲಗೂರಿನಲ್ಲಿ ನಮ್ಮ ಸಂಬಂಧಿಕರೊಬ್ಬರು ಮಾಸ್ತರರಿದ್ದಾರೆ. ಎರಡು ಡಿಗ್ರಿ. ಬ್ಯಾಂಕಿನ ಖಾತೆ ಬಂದಾಗುತ್ತದೆ, ಇಲ್ಲಿ ಒತ್ತಿ ಎಂದು ಅವರಿಗೆ ಇ-ಮೇಲ್ ಬಂದಿತ್ತು. ನಮ್ಮವನು ಅವರ ಪಾಸ್‌ಬುಕ್ ತರಿಸಿ, ಅದರ ಮೇಲಿನ ವಿಳಾಸಕ್ಕೆ ಫೋನು ತಾಗಿಸಿ ಕುಳಿತ. ಬಹಳ ಹೊತ್ತಿನ ಮೇಲೆ ಒಂದು ಅಕ್ಷರದ ಮೇಲೆ ಬೆರಳಿಟ್ಟು, ಈ ಕಾಲಿಗೆ ಗೊರಸಿದೆ, ಆ ಕಾಲಿಗಿಲ್ಲ ಎಂದ. ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರವಿರಬೇಕಾದ ಕಡೆ ಒಂದರ ಅಂಕಿ ನಿಂತಿತ್ತು! ಮಾಸ್ತರರು ಕನ್ನಡಕ ಒರೆಸಿಕೊಂಡರು.

"ನಾಲ್ಕ ಸಲ ಓದೇನಲ್ಲೋ ಮಾರಾಯಾ, ನನಗ್ಯಾಕ ಕಾಣಲಿಲ್ಲ?"

"ನೀವ ಓದಿದ್ರಿ ಸರ. ನಾ ನೋಡಿದೆ."

ಮಾಸ್ತರರು ಕೈಮುಗಿದು ಹೋದರು. ಮುಂದೆ ಒಂದು ವಾರ ನಮ್ಮವನು ನೆಲದ ಮೇಲೆ ನಡೆಯಲಿಲ್ಲ.

ಯಾವಾಗಲೂ ಹೀಗೇ ಎಂದುಕೊಳ್ಳಬೇಡಿ. ಚಿಕ್ಕೇರೂರಿನ ಬೀಗರು ಮಗಳ ಮದುವೆಯ ಕರೆಯೋಲೆಯನ್ನು ಫೋನಿಗೇ ಕಳಿಸಿದ್ದರು. ಅದನ್ನು ತೆರೆದರೆ ಕಳ್ಳ ಒಳಗೆ ಬರುತ್ತಾನೆ, ಮನೆಗೆ ಬಂದು ಕುಂಕುಮ ಹಚ್ಚಿ ಕರೆಯದವರು ಬೀಗರೇ ಅಲ್ಲ ಎಂದು ತೀರ್ಪು ಕೊಟ್ಟ. ನಾವು ಯಾರೂ ತೆರೆಯಲಿಲ್ಲ, ಯಾರೂ ಹೋಗಲಿಲ್ಲ. ಮದುವೆ ಖರೆಯಾಗಿಯೇ ಆಯಿತು! ಹೋಳಿಗೆ ಊಟ ಹೋಯಿತು, ಬೀಗರ ಮಾತೂ ನಿಂತಿತು. ಕೇಳಿದರೆ, ಕಳ್ಳ ಒಳಗೆ ಬರಲಿಲ್ಲವಲ್ಲ, ಅದನ್ನು ನೋಡು ಎಂದ. ಬೀಗರೇ ಒಳಗೆ ಬರುವುದಿಲ್ಲ ಈಗ!

ಇಂಥವನ ಕೈಗೆ ಕಳೆದ ತಿಂಗಳು ನನ್ನ ಸೊಸೆಯ ಇ-ಮೇಲ್ ಬಿತ್ತು. ಅವಳು ಮದುವೆಯಾದ ಮೇಲೆ ಓದಿದವಳು, ರಕ್ತ ತಪಾಸಣೆಯ ಕೆಲಸ ಕಲಿತಿದ್ದಾಳೆ. ಹಾನಗಲ್ಲಿನ ದೊಡ್ಡ ದವಾಖಾನೆಯೊಂದಕ್ಕೆ ಅರ್ಜಿ ಹಾಕಿದ್ದಳು. ಸೋಮವಾರ ಸಂದರ್ಶನಕ್ಕೆ ಬನ್ನಿ, ಬರುವುದಾದರೆ ಇವತ್ತು ಸಂಜೆ ಐದರೊಳಗೆ ಒತ್ತಿ ತಿಳಿಸಿ ಎಂದಿತ್ತು. ನಮ್ಮವನು ಫೋನನ್ನು ಧೋತರದ ಚುಂಗಿನಿಂದ ಒರೆಸಿ ನೋಡಿದ, ಮತ್ತೆ ಒರೆಸಿ ನೋಡಿದ.

"ಕುಂಟು. ಒತ್ತಬ್ಯಾಡ."

ಸೊಸೆ ಎದುರು ಮಾತಾಡಲಿಲ್ಲ. ಮಾಸ್ತರರನ್ನು ಉಳಿಸಿದ ಕಣ್ಣು ಅದು, ಹೇಗೆ ಆಡುತ್ತಾಳೆ? ಒಳಗೆ ಹೋಗಿ ಅಕ್ಕಿ ತೊಳೆದಳು. ತೊಳೆದ ಅಕ್ಕಿಯನ್ನೇ ನಾಲ್ಕು ಸಲ ತೊಳೆದಳು. ಕಣ್ಣೀರಿಗೆ ಕರಗುವ ಪೈಕಿ ನಾನಲ್ಲ. ಆದರೆ ಅನ್ನಕ್ಕೆ ರುಚಿ ಬೇಡವೇ? ಹೊರಗೆ ಬಂದು ಮೈದುನನ ಮುಂದೆ ನಿಂತೆ. ಅನುಮಾನ ಬಂದಾಗ ಎತ್ತಿನವನ ಮನೆಗೇ ಹೋಗಿ ಕೊಟ್ಟಿಗೆ ನೋಡಿ ಬರುತ್ತಿದ್ದಿಯಲ್ಲ, ಈಗೇನು ಕಾಲು ಮುರಿದಿವೆಯೇ ಎಂದು ಕೇಳಿದೆ. ಅದರಲ್ಲೇ ನಂಬರಿದೆ, ಫೋನ್ ಹಚ್ಚಿ ಕೇಳೋಣ ಎಂದು ಸೊಸೆ ಅಂದಳು. ಅದಕ್ಕೆ ಮಾತ್ರ ನಮ್ಮವನು ಒಪ್ಪಲಿಲ್ಲ. ಕಳ್ಳ ಕೊಟ್ಟ ನಂಬರಿಗೆ ಹಚ್ಚಿದರೆ ಎತ್ತುವವನು ಕಳ್ಳನೇ ಅಲ್ಲವೇ?

"ಹಂಗಾರ ಏಳ," ಎಂದೆ. "ಅಂಗಿ ಹಾಕ್ಕೋ. ನಾನೂ ಬರ್ತೇನಿ."

ಹಾನಗಲ್ಲಿಗೆ ಹೊರಟ ಬಸ್ಸು ಅವತ್ತೇ ಊರೂರಿಗೂ ನಿಲ್ಲಬೇಕೇ! ದವಾಖಾನೆ ಮುಟ್ಟಿದಾಗ ನಾಲ್ಕೂವರೆ. ಸಾಲಿನಲ್ಲಿ ನಿಂತವರನ್ನು ನೂಕಿಕೊಂಡು ಹೋಗಿ, ನಮ್ಮ ಸೊಸೆಗೆ ಕಾಗದ ಕಳಿಸಿದವರು ನೀವೇನಾ ಎಂದು ಕೇಳಿದೆ. ಕೌಂಟರಿನ ಹುಡುಗಿ ಪಟ್ಟಿ ತಿರುಗಿಸಿ ತೋರಿಸಿದಳು. ಮೂರನೆಯ ಹೆಸರು ನಮ್ಮದೇ. ಇ-ಮೇಲ್ ಕಳಿಸುವ ವಿಳಾಸವನ್ನು ಗೋಡೆಯ ಮೇಲೇ ಗೇಣುದ್ದ ಅಕ್ಷರದಲ್ಲಿ ಬರೆಸಿದ್ದೇವಲ್ಲ ಎಂದಳು. ಮೈದುನ ಗೋಡೆಯ ಕಡೆ ತಿರುಗಿ ನಿಂತಿದ್ದ. ಮನೆಯಲ್ಲಿದ್ದ ಸೊಸೆಗೆ ಫೋನ್ ಹಚ್ಚಿ ಅವನ ಕೈಯಲ್ಲಿಟ್ಟೆ.

"ಒತ್ತವಾ," ಎಂದ. "ಎತ್ತ ಚಲೋ ಐತಿ. ನಂದ ತಪ್ಪಾತು."

ಐದಕ್ಕೆ ಹತ್ತು ನಿಮಿಷ ಇರುವಾಗ ಒತ್ತಿದಳು.

ತಿರುಗಿ ಬರುವಾಗ ಬಸ್ಸು ಅರ್ಧ ದಾರಿಗೆ ಬಂದ ಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

"ವೈನಿ, ಬಾಲ ನನಗ ಕಾಣಲೇ ಇಲ್ಲ. ದೀಪಾವಳಿ ಆದಾಗಿಂದ ಅಕ್ಷರದ ಮ್ಯಾಲ ಮಂಜ ಕುಂತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಕಡೆ ಫೋನ್ ಯಾರ ತರ್ತಾರ? ಕಾಣದ್ದನ್ನೆಲ್ಲ ಕುಂಟು ಅಂದೆ. ಕುಂಟು ಅಂದ್ರ ಯಾರಿಗೂ ಲುಕ್ಸಾನ ಇಲ್ಲ ಅನ್ಕೊಂಡಿದ್ದೆ."

ಬೈಯಬೇಕೆಂದು ಬಾಯಿ ತೆರೆದೆ. ಒಂದೂ ಬೈಗುಳ ನೆನಪಾಗಲಿಲ್ಲ. ನನಗೆ ಹಾಗಾದದ್ದು ಅದೇ ಮೊದಲು.

ಸೋಮವಾರ ಮೂವರೂ ಹೋದೆವು. ಸೊಸೆ ಸಂದರ್ಶನದ ಕೋಣೆಗೆ, ನಾವಿಬ್ಬರು ಕಣ್ಣಿನ ಡಾಕ್ಟರ ಸಾಲಿಗೆ. ಕೆಲಸ ಅವಳಿಗೇ ಆಯಿತು. ಇವನ ಕಣ್ಣಿಗೆ ಪೊರೆ ಬಂದಿದೆ, ತೆಗೆಯಬೇಕು ಎಂದರು. ಮೈದುನನ ಕೈ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ. ತಿಳವಳ್ಳಿಯಲ್ಲಿ ಇಳಿಯುವಾಗ ಬಸ್ಸಿನ ಮೆಟ್ಟಿಲು ಎತ್ತರವಿತ್ತು, ಅದಕ್ಕೆ ಹಿಡಿದೆ. ಇಳಿದ ಮೇಲೂ ಬಿಡಲಿಲ್ಲ.