ರಮಾಕಾಂತರು ಯಾವ ಠಾಣೆಯಲ್ಲಿ?

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹಾಳೆ. ದ್ವಾರಕಾನಾಥ ಏಪ್ರಿಲ್ ಒಂದರಂದು ಸೇರಬೇಕಿದ್ದ ಹೊಸ ಕಂಪನಿಯವರು ಕೇಳಿದ ಕಾಗದಪತ್ರಗಳಲ್ಲಿ ಅದು ಕೊನೆಯದು: ಜಾಮೀನು ಪತ್ರ. ಈ ಮನುಷ್ಯ ನಂಬಿಕಸ್ಥ, ಇವನೇನಾದರೂ ಎಡವಟ್ಟು ಮಾಡಿದರೆ ಹೊಣೆ ನನ್ನದು ಎಂದು ಇನ್ನೊಬ್ಬರು ಬರೆದುಕೊಟ್ಟು ಕೆಂಪು ಮೊಹರು ಒತ್ತಬೇಕು. ಜಪಾನಿನ ಕಂಪನಿಗಳಲ್ಲಿ ಇದು ಹಳೆಯ ರೂಢಿ. ಆ ಇನ್ನೊಬ್ಬರು ಇಲ್ಲಿ ಹತ್ತು ವರ್ಷವಾದರೂ ನೆಲೆಸಿರಬೇಕು, ಮತ್ತು ಸಂಬಂಧಿಕರಾಗಿರಕೂಡದು. ದ್ವಾರಕಾನಾಥನ ಹಳೆಯ ಕಂಪನಿ ಕೊರೊನಾದ ಹೆಸರು ಹೇಳಿ ಅವನನ್ನು ಫೆಬ್ರವರಿಯಲ್ಲೇ ಮನೆಗೆ ಕಳಿಸಿತ್ತು. ನಲವತ್ತೊಂದನೆಯ ವಯಸ್ಸಿನಲ್ಲಿ ಹೇಗೋ ಸಿಕ್ಕಿದ್ದ ಈ ಕೆಲಸ ತಪ್ಪಿದರೆ ವೀಸಾ ಹೋಗುತ್ತಿತ್ತು, ವೀಸಾ ಹೋದರೆ ಹೆಂಡತಿಯೊಡನೆ ಗಂಟುಮೂಟೆ ಕಟ್ಟಬೇಕಿತ್ತು.

ಓಜಿಮಾ ಬಡಾವಣೆಯಲ್ಲಿ ಅವನಿದ್ದ ವಸತಿ ಕಟ್ಟಡದಲ್ಲಿ ಕನ್ನಡದವರು ಹನ್ನೊಂದು ಮನೆ ಇದ್ದರೂ ಹತ್ತು ವರ್ಷ ಕಳೆದವರು ಒಬ್ಬರೇ, ನಾಲ್ಕನೆಯ ಮಹಡಿಯ ರಮಾಕಾಂತರು. ಐವತ್ತು ದಾಟಿದ ಒಂಟಿ ಜೀವ. ಮದುವೆಯಾಗಿರಲಿಲ್ಲ, ಊರಲ್ಲೂ ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಮಾತು ಕಡಿಮೆ. ಕೇಳಿದ ಕೂಡಲೇ ಒಪ್ಪಿದ್ದರು. ಕಂಪನಿಯ ಆನ್‌ಲೈನ್ ಅರ್ಜಿಯಲ್ಲಿ ಅವರ ಹೆಸರು ಹೋದ ವಾರವೇ ತುಂಬಿಯಾಗಿತ್ತು. ಹಾಳೆಗೆ ಮೊಹರು ಒತ್ತಿ ಬುಧವಾರ ಬೆಳಿಗ್ಗೆ ಕೊಡುತ್ತೇನೆಂದು ಅವರು ಹೇಳಿದ್ದರು.

2021ರ ಮಾರ್ಚ್ ಮೂವತ್ತೊಂದು, ಅದೇ ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ದ್ವಾರಕಾನಾಥ ಅವರ ಬಾಗಿಲ ಗಂಟೆ ಒತ್ತಿದ. ಉತ್ತರವಿಲ್ಲ. ಫೋನ್ ಸ್ವಿಚ್ ಆಫ್. ಹತ್ತಕ್ಕೆ ಮತ್ತೆ ಹೋದ, ಹತ್ತೂವರೆಗೆ ಮತ್ತೊಮ್ಮೆ ಹೋದ. ಮೂರನೆಯ ಸಲ ಹಿಂತಿರುಗುವಾಗ ಲಿಫ್ಟಿನಲ್ಲಿ ಒಂಬತ್ತನೆಯ ಮಹಡಿಯ ಪದ್ಮಾ ಸಿಕ್ಕಳು. ಕಟ್ಟಡದಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋದರೆಂದು ಅವಳನ್ನು ಕೇಳಿದರೆ ಸಾಕು, ಸಿಸಿಟಿವಿ ನೋಡುವ ಕೆಲಸವೇ ಇಲ್ಲ.

"ನಿಮಗೆ ಗೊತ್ತಿಲ್ವಾ?" ಎಂದಳು ಪದ್ಮಾ, ಮಾಸ್ಕ್ ಸರಿಮಾಡಿಕೊಳ್ಳುತ್ತಾ. "ಬೆಳಿಗ್ಗೆ ಏಳಕ್ಕೆ ರಮಾಕಾಂತರ್ನ ಕರ್ಕೊಂಡು ಹೋದ್ರು. ಬಿಳಿ ವ್ಯಾನು. ನೀಲಿ ಡ್ರೆಸ್ಸಲ್ಲಿ ಇಬ್ರು, ಆ ಕಡೆ ಒಬ್ರು ಈ ಕಡೆ ಒಬ್ರು. ಇವ್ರು ತಲೆ ಮೇಲೆ ಜಾಕೆಟ್ ಹೊದ್ಕೊಂಡು ತಲೆ ತಗ್ಗಿಸಿ ಹತ್ತಿದ್ರು. ನ್ಯೂಸಲ್ಲಿ ಅರೆಸ್ಟ್ ಆದೋರ್ನ ತೋರಿಸ್ತಾರಲ್ಲ, ಥೇಟ್ ಹಾಗೇ."

ಅವಳು ನೋಡಿದ್ದು ಒಂಬತ್ತನೆಯ ಮಹಡಿಯಿಂದ, ಅದೂ ಕನ್ನಡಕವಿಲ್ಲದೆ. ಆದರೆ ಹೇಳಿದ ರೀತಿಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.

ಅರ್ಧ ಗಂಟೆಯಲ್ಲಿ ದ್ವಾರಕಾನಾಥನ ಮನೆಯ ಊಟದ ಮೇಜಿನ ಸುತ್ತ ಸಭೆ ಸೇರಿತು. ಪದ್ಮಾ ಬಂದಿದ್ದಳು. ಅವಳ ಹಿಂದೆಯೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯ ಚಂದ್ರಕಾಂತ ಬಂದ. ಚಂದ್ರಕಾಂತ ಜಪಾನಿಗೆ ಬರುವ ಮುಂಚೆ ಎರಡು ವರ್ಷ ಅಮೆರಿಕದಲ್ಲಿದ್ದವನು. ತಾನಿದ್ದ ಕೌಂಟಿ ಎಂಬ ಜಿಲ್ಲೆಯ ಹೆಸರನ್ನು ಅವನು ಉಚ್ಚರಿಸುವಾಗ ಕಾಶಿಗೆ ಹೋಗಿಬಂದವರ ಭಕ್ತಿ ಕಾಣುತ್ತಿತ್ತು. ರಮಾಕಾಂತರು ಮಾಡಿರಬಹುದಾದ ಅಪರಾಧದ ಬಗ್ಗೆ ಮೊದಲು ಚರ್ಚೆಯಾಯಿತು. ಹೋದ ತಿಂಗಳು ಅವರು ತಪ್ಪು ದಿನ ಪ್ಲಾಸ್ಟಿಕ್ ಕಸ ಇಟ್ಟು, ಕಸದ ಚೀಲಕ್ಕೆ ಕೆಂಪು ಎಚ್ಚರಿಕೆ ಚೀಟಿ ಹಚ್ಚಿಸಿಕೊಂಡಿದ್ದರೆಂದು ಪದ್ಮಾ ನೆನಪಿಸಿದಳು. ಅದಕ್ಕೆಲ್ಲ ವ್ಯಾನು ಬರುವುದಿಲ್ಲವೆಂದು ದ್ವಾರಕಾನಾಥನ ಹೆಂಡತಿ ಭಾನುಮತಿ ಹೇಳಿದಳು. ಆ ಮೇಜಿನ ಸುತ್ತ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳದೇ, ಹಾಗಾಗಿ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಊಹೆ ಯಾಕೆ? ಅರೆಸ್ಟ್ ಅನ್ನೋದು ಪಬ್ಲಿಕ್ ರೆಕಾರ್ಡು," ಎಂದ ಚಂದ್ರಕಾಂತ. "ನಮ್ಮ ಕೌಂಟೀಲಿ ಹೆಸರು ಹೊಡೆದ್ರೆ ಸಾಕು. ಯಾವ ಜೈಲು, ಯಾವ ಕೇಸು, ಎಷ್ಟೊತ್ತಿಗೆ ಒಳಗೆ ಹಾಕಿದ್ರು, ಫೋಟೋ ಸಮೇತ ಬರುತ್ತೆ. ಎತ್ತರ, ತೂಕ ಕೂಡ ಹಾಕಿರ್ತಾರೆ."

ಮಾತಿಗೆ ಸಾಕ್ಷಿಯಾಗಿ ಅವನು ಆ ಕೌಂಟಿಯ ಪುಟ ತೆರೆದೇ ತೋರಿಸಿದ. ಹಿಂದಿನ ದಿನ ಬಂಧಿತರಾದ ಮೂವತ್ತೆರಡು ಜನ ಸಾಲಾಗಿ ನಿಂತು ಓಜಿಮಾದ ಈ ಅಡುಗೆಮನೆಯನ್ನು ಸಪ್ಪೆ ಮುಖ ಮಾಡಿಕೊಂಡು ನೋಡಿದರು. ಅವರಲ್ಲಿ ಒಬ್ಬನ ಮುಖದ ಕೆಳಭಾಗವನ್ನು ಪದ್ಮಾ ಅಂಗೈಯಿಂದ ಮುಚ್ಚಿ, ಮಾಸ್ಕ್ ಹಾಕಿದರೆ ರಮಾಕಾಂತರೇ ಎಂದಳು. ವರ್ಷದಿಂದ ಎಲ್ಲರನ್ನೂ ಮೂಗಿನಿಂದ ಮೇಲಕ್ಕಷ್ಟೇ ನೋಡಿದವರಿಗೆ ಯಾರು ಬೇಕಾದರೂ ಯಾರ ಹಾಗೆ ಬೇಕಾದರೂ ಕಾಣುತ್ತಾರೆ.

ಆದರೆ ಜಪಾನಿನಲ್ಲಿ ಅಂಥ ಪುಟ ಸಿಗಲಿಲ್ಲ. ವಾರ್ಡ್ ಎಂದರೆ ಕೌಂಟಿಯೇ ಎಂದು ಚಂದ್ರಕಾಂತ ತೀರ್ಮಾನಿಸಿ ಬಗೆಬಗೆಯಾಗಿ ಹುಡುಕಿದ. ಸೈಕಲ್ ಕಳ್ಳತನದ ಅಂಕಿಅಂಶ ಸಿಕ್ಕಿತು, ಭೂಕಂಪವಾದರೆ ಎಲ್ಲಿ ಸೇರಬೇಕೆಂಬ ನಕ್ಷೆ ಸಿಕ್ಕಿತು. ಕೊನೆಗೆ ಪ್ರಪಂಚದ ಯಾವ ಮೂಲೆಯ ದಾಖಲೆಯನ್ನಾದರೂ ತೆಗೆದುಕೊಡುತ್ತೇವೆನ್ನುವ ಜಾಲತಾಣವೊಂದು ಸಿಕ್ಕಿತು. ರಮಾಕಾಂತರ ಹೆಸರು ಹೊಡೆದರು. ಮುಂದೆ ಕಾಣಲಿರುವುದನ್ನು ನೋಡಿ ಆಘಾತವಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಎಚ್ಚರಿಕೆ ಬಂತು. ಹಸಿರು ಗೆರೆಯೊಂದು ಹತ್ತು ನಿಮಿಷ ತೆವಳಿತು. ಮೂರು ಅಪರಾಧ ದಾಖಲೆಗಳು ಪತ್ತೆಯಾಗಿವೆ ಎಂದು ಕೆಂಪಕ್ಷರ ಮೂಡಿತು. ವಿವರ ಬೇಕಾದರೆ ಕಾರ್ಡ್ ನಂಬರ್ ಕೊಡಬೇಕು.

ದ್ವಾರಕಾನಾಥ ತಲೆಯ ಮೇಲೆ ಕೈ ಹೊತ್ತು ಕೂತ. ಭಾನುಮತಿ ಮಾತ್ರ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ಚಂದ್ರಕಾಂತನ ಹೆಸರು ಹೊಡೆದಳು. ಹತ್ತು ನಿಮಿಷದ ನಂತರ ಅವನಿಗೂ ಮೂರು ಅಪರಾಧ ದಾಖಲೆಗಳು ಬಂದವು. ಚಂದ್ರಕಾಂತ ಲ್ಯಾಪ್‌ಟಾಪ್ ಮುಚ್ಚಿ, ಇಂಥ ವಿಷಯದಲ್ಲಿ ಖುದ್ದಾಗಿ ಹೋಗಿ ವಿಚಾರಿಸುವುದೇ ಮೇಲು ಎಂದ.

ಹೀಗೆ ಮಧ್ಯಾಹ್ನ ಒಂದೂವರೆಗೆ ದ್ವಾರಕಾನಾಥ ರೈಲು ಸ್ಟೇಷನ್ ಪಕ್ಕದ ಕೋಬಾನ್‌ಗೆ ಹೋದ. ಕೋಬಾನ್ ಎಂದರೆ ನಮ್ಮ ಹೊರಠಾಣೆಯ ಹಾಗೆ, ಒಂದು ಮೇಜು, ಎರಡು ಕುರ್ಚಿ, ದಾರಿ ತಪ್ಪಿದವರಿಗೆ ಗೋಡೆಯ ಮೇಲೊಂದು ನಕ್ಷೆ. ಮೇಜಿನ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರು. ಪರದೆಯ ಆ ಕಡೆ ನರೆಗೂದಲ ಪೊಲೀಸರೊಬ್ಬರು ಎದ್ದು ನಿಂತು ವಂದಿಸಿದರು. ಸುಮಿಮಾಸೆನ್, ಕ್ಷಮಿಸಿ, ಎಂದು ಶುರುಮಾಡಿ, ಐದು ವರ್ಷದಲ್ಲಿ ಕಲಿತ ಜಪಾನಿ ಭಾಷೆಯನ್ನೆಲ್ಲ ಖರ್ಚು ಮಾಡಿ, ತನ್ನ ಪರಿಚಯದವರೊಬ್ಬರನ್ನು ಬಂಧಿಸಲಾಗಿದೆಯೇ ಎಂದು ದ್ವಾರಕಾನಾಥ ಕೇಳಿದ. ಹಾಗೆ ಯಾರನ್ನು ಬಂಧಿಸಿದ್ದೇವೆ, ಯಾರನ್ನು ಇಲ್ಲ ಎಂದು ಹೊರಗಿನವರಿಗೆ ಹೇಳುವ ಪದ್ಧತಿ ಇಲ್ಲವೆಂದು ಪೊಲೀಸರು ಬಹಳ ನೊಂದುಕೊಂಡು ಹೇಳಿದರು. ಮನುಷ್ಯ ಕಾಣೆಯಾಗಿದ್ದರೆ ದೂರು ಬರೆದುಕೊಂಡು ಹುಡುಕಬಹುದು, ಆದರೆ ದೂರು ಕೊಡುವವರು ಕುಟುಂಬದವರಾಗಿರಬೇಕು.

ದ್ವಾರಕಾನಾಥ ಹೊರಗೆ ಬಂದು ಚಂದ್ರಕಾಂತನಿಗೆ ಫೋನ್ ಮಾಡಿದ.

"ಅಣ್ಣ ಅನ್ನಿ," ಎಂದ ಚಂದ್ರಕಾಂತ, ಒಂದು ಕ್ಷಣವೂ ಯೋಚಿಸದೆ. "ನಮ್ಮ ಕಡೆ ದೊಡ್ಡೋರ್ನೆಲ್ಲ ಅಣ್ಣ ಅಂತೀವಲ್ಲ. ಅದು ಸುಳ್ಳೇನಲ್ಲ, ಕಲ್ಚರು."

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆ ಹಾಳೆ ಕಂಪನಿಯ ಮೇಜಿನ ಮೇಲಿರಬೇಕು. ದ್ವಾರಕಾನಾಥ ಒಳಗೆ ಹೋಗಿ, ರಮಾಕಾಂತರು ತನ್ನ ಅಣ್ಣ ಎಂದ.

ಪೊಲೀಸರ ಮುಖದಲ್ಲಿ ನಿಜವಾದ ಕರುಣೆ ಮೂಡಿತು. ಅವರು ನಾಲ್ಕು ಪುಟದ ಫಾರಂ ತೆಗೆದು ಚೂಪು ಪೆನ್ಸಿಲಿನಲ್ಲಿ ಒಂದೊಂದೇ ಅಂಕಣ ತುಂಬತೊಡಗಿದರು. ಅಣ್ಣತಮ್ಮಂದಿರಾದರೆ ಮನೆತನದ ಹೆಸರು ಬೇರೆ ಬೇರೆ ಏಕೆ? ನಮ್ಮಲ್ಲಿ ಹೆಸರಿನ ಕೊನೆಗೆ ಒಬ್ಬರು ಅಪ್ಪನ ಹೆಸರು ಇಡುತ್ತಾರೆ, ಇನ್ನೊಬ್ಬರು ಊರಿನ ಹೆಸರು ಇಡುತ್ತಾರೆ, ಉಳಿದದ್ದು ಪಾಸ್‌ಪೋರ್ಟ್ ಕಚೇರಿಯವರಿಗೆ ಬಿಟ್ಟದ್ದು ಎಂದು ದ್ವಾರಕಾನಾಥ ವಿವರಿಸಿದ. ಅದೊಂದೇ ಅವನು ಅಲ್ಲಿ ಹೇಳಿದ ಅಪ್ಪಟ ಸತ್ಯ. ಒಂದೇ ಕಟ್ಟಡವೇ? ಹೌದು. ಒಟ್ಟಿಗೆ ಊಟ ಮಾಡುತ್ತೀರಾ? ದಿನಾಲೂ. ಕೊನೆಯ ಸಲ ನೋಡಿದ್ದು? ನಿನ್ನೆ ರಾತ್ರಿ, ನಮ್ಮ ಮನೆಯಲ್ಲೇ, ಬಹಳ ಹೊತ್ತು ಕೂತು ಮಾತಾಡಿದೆವು.

ಹೇಳುತ್ತಾ ಹೇಳುತ್ತಾ ಅವನಿಗೆ ಒಳಗೇ ಏನೋ ಚುಚ್ಚಿತು. ಒಂಬತ್ತು ತಿಂಗಳಿಂದ ಒಂದೇ ಲಿಫ್ಟ್ ಹತ್ತಿ ಇಳಿದರೂ ಆ ಮನುಷ್ಯನನ್ನು ಅವನು ಒಂದು ದಿನವೂ ಊಟಕ್ಕೆ ಕರೆದಿರಲಿಲ್ಲ. ಬೆಳಗಿನಿಂದ ಹುಡುಕಿದ್ದಾದರೂ ಯಾರನ್ನು? ಹಾಳೆಯನ್ನು. ಅಣ್ಣನಿಗೆ ಏನಾದರೂ ಕಾಯಿಲೆ ಇತ್ತೇ ಎಂದು ಪೊಲೀಸರು ಕೇಳಿದಾಗ ತನಗೆ ಗೊತ್ತಿಲ್ಲವೆಂದು ತಲೆಯಾಡಿಸಿದ. ಅವನಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು. ಪೊಲೀಸರು ಪರದೆಯ ಕೆಳಗಿನಿಂದ ಟಿಶ್ಯೂ ಡಬ್ಬಿ ಸರಿಸಿದರು.

ಆಮೇಲೆ ಅವರು ಒಳಕೋಣೆಗೆ ಹೋಗಿ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿದರು. ಹೊರಗೆ ಬಂದವರೇ ಎರಡು ಹೆಜ್ಜೆ ಹಿಂದೆ ನಿಂತುಕೊಂಡರು. ಆತಂಕ ಬೇಡ, ನಿಮ್ಮ ಅಣ್ಣ ಯಾವ ಠಾಣೆಯಲ್ಲೂ ಇಲ್ಲ ಎಂದು ಹೇಳಿ, ವಾರ್ಡಿನ ಆರೋಗ್ಯ ಕೇಂದ್ರದವರು ಕುಟುಂಬದವರ ಜೊತೆ ಮಾತಾಡಬೇಕಂತೆ ಎಂದು ಒಂದು ಫೋನನ್ನು ಒರೆಸಿ ಮೇಜಿನ ಮೇಲಿಟ್ಟರು.

ಆರೋಗ್ಯ ಕೇಂದ್ರದ ಹೆಂಗಸಿನ ದನಿ ಮೃದುವಾಗಿತ್ತು. ರಮಾಕಾಂತರಿಗೆ ಕೊರೊನಾ. ಬೆಳಿಗ್ಗೆ ತಮ್ಮ ಸಿಬ್ಬಂದಿಯೇ ಹೋಗಿ ಕರೆತಂದು ಸೋಂಕಿತರ ಹೋಟೆಲಿನಲ್ಲಿ ಇರಿಸಿದ್ದಾರೆ. ಜ್ವರವಿದೆ, ಉಸಿರಾಟ ಚೆನ್ನಾಗಿದೆ, ಚಳಿ ಎಂದು ಜಾಕೆಟ್ ಹೊದ್ದುಕೊಂಡೇ ಬಂದರು. ತಮಗೆ ಯಾರೂ ಇಲ್ಲವೆಂದು ಅವರು ಹೇಳಿದ್ದರು. ತಮ್ಮನೊಬ್ಬ ಇರುವುದು ತಿಳಿದು ತುಂಬಾ ಸಂತೋಷವಾಯಿತು. ದಿನಾಲೂ ಒಟ್ಟಿಗೆ ಊಟ ಮಾಡುವವರಾದ್ದರಿಂದ ದ್ವಾರಕಾನಾಥ-ಸಾನ್, ಅಂದರೆ ದ್ವಾರಕಾನಾಥರು, ನಿಕಟ ಸಂಪರ್ಕದವರಾಗುತ್ತಾರೆ. ದಯವಿಟ್ಟು ನೇರವಾಗಿ ಮನೆಗೆ ನಡೆದು ಹೋಗಿ, ಏಪ್ರಿಲ್ ಹದಿನಾಲ್ಕರವರೆಗೆ ಹೊರಗೆ ಬರಬಾರದು.

ದ್ವಾರಕಾನಾಥ, ನಾಳೆ ತಾನು ಹೊಸ ಕೆಲಸಕ್ಕೆ ಸೇರಬೇಕೆಂದ. ಹಾಗಾದರೆ ಕಂಪನಿಗೆ ನಾವು ತಿಳಿಸಬೇಕೇ ಎಂದು ಆಕೆ ಕೇಳಿದಳು. ಸರ್ಕಾರಿ ಕಚೇರಿಯಿಂದಲೇ ಫೋನ್ ಹೋದರೆ ಯಾರೂ ನೆಪ ಎನ್ನಲಾರರು. ಅವನು ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಕಂಪನಿಯ ನಂಬರ್ ಕೊಟ್ಟ. ಅವರು ನಂಬಬೇಕಾದರೆ ಹೆಸರು, ಸಂಬಂಧ, ಎಲ್ಲ ವಿವರವಾಗಿ ಹೇಳಿ ಎಂದು ಮೂರು ಸಲ ಬೇಡಿಕೊಂಡ. ಅರಿಗಾತೋ, ಧನ್ಯವಾದ, ಎಂದು ಗೋಡೆಗೆ ಬಗ್ಗಿ ನಮಸ್ಕರಿಸಿದ. ಆಕೆ ಒಂದಕ್ಷರ ಬಿಡದೆ ಹೇಳಿದಳೆಂದು ಆಮೇಲೆ ತಿಳಿಯಿತು.

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಹೇಗೋ ಮುಟ್ಟಿತ್ತು. ಚಂದ್ರಕಾಂತನ ಬಾಗಿಲು ಒಳಗಿನಿಂದ ಸರಪಳಿ ಹಾಕಿಕೊಂಡಿತ್ತು. ಪದ್ಮಾ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ನಾಲ್ಕನೆಯ ಮಹಡಿಯ ಗುಂಡಿ ಒತ್ತುವಾಗ ಬೆರಳು ಬಳಸಬಾರದೆಂದು ಬರೆದಿದ್ದಳು. ಭಾನುಮತಿ ಬಾಗಿಲಲ್ಲೇ ಒಂದು ಲಕೋಟೆ ಹಿಡಿದು ನಿಂತಿದ್ದಳು. ತರಕಾರಿಗೆ ಇಳಿದಿದ್ದಾಗ ಕೆಳಗಿನ ಅಂಚೆ ಡಬ್ಬಿಯಲ್ಲಿ ಸಿಕ್ಕಿತಂತೆ.

ಒಳಗೆ ಜಾಮೀನು ಪತ್ರ. ಸಹಿ, ವಿಳಾಸ, ಒಂದಿಷ್ಟೂ ಓರೆಯಾಗದೆ ಒತ್ತಿದ ಕೆಂಪು ಮೊಹರು. ಜೊತೆಗೊಂದು ಚೀಟಿ: "ಡಿಯರ್ ದ್ವಾರಕಾನಾಥ್, ಪಾಸಿಟಿವ್ ಬಂದಿದೆ, ಬೆಳಿಗ್ಗೆ ಕರ್ಕೊಂಡು ಹೋಗ್ತಾರೆ. ಕೈ ತೊಳೆದು ಗ್ಲೌಸ್ ಹಾಕಿ ಮೊಹರು ಒತ್ತಿದ್ದೇನೆ, ಹೆದರಬೇಡಿ. ಫೋನ್ ಚಾರ್ಜರ್ ಕೆಟ್ಟಿದೆ. ಬಿಲ್ಡಿಂಗಲ್ಲಿ ಯಾರಿಗೂ ಹೇಳಬೇಡಿ. ಆಲ್ ದಿ ಬೆಸ್ಟ್." ಮೇಲೆ ಬೆಳಿಗ್ಗೆ ಆರೂವರೆ ಎಂದು ಹೊತ್ತು ಹಾಕಿತ್ತು. ದ್ವಾರಕಾನಾಥ ಅದನ್ನು ಎರಡು ಸಲ ಓದಿದ.

ಸಂಜೆ ಐದಕ್ಕೆ ಕಂಪನಿಯ ಮೇಲ್ ಬಂತು. ನಿಮ್ಮ ಅಣ್ಣನವರು ಬೇಗ ಗುಣಮುಖರಾಗಲಿ. ತಾವು ಹದಿನೈದರಂದು ಸೇರಬಹುದು. ಆದರೆ ಜಾಮೀನುದಾರರೆಂದು ತಾವು ಸೂಚಿಸಿದ್ದ ರಮಾಕಾಂತ-ಸಾನ್ ತಮ್ಮ ಒಡಹುಟ್ಟಿದವರೆಂದು ಸರ್ಕಾರಿ ಕಚೇರಿಯಿಂದಲೇ ತಿಳಿದುಬಂದಿರುವುದರಿಂದ ಅವರ ಪತ್ರವನ್ನು ಸ್ವೀಕರಿಸಲಾಗದು. ಅಷ್ಟರೊಳಗೆ ಸಂಬಂಧಿಕರಲ್ಲದ ಬೇರೊಬ್ಬರ ಪತ್ರ ತರಬೇಕು. ತರದಿದ್ದರೆ ನೇಮಕಾತಿ ರದ್ದಾಗುತ್ತದೆಂದು ತಿಳಿಸಲು ವಿಷಾದಿಸುತ್ತೇವೆ.

"ನಿಜ ಹೇಳ್ಬಿಡಿ," ಎಂದಳು ಭಾನುಮತಿ.

"ನಿಜ ಹೇಳಿದ್ರೆ ಪೊಲೀಸರಿಗೆ ಸುಳ್ಳು ಹೇಳಿದೆ ಅಂತಾಗುತ್ತೆ. ಅಂಥೋನಿಗೆ ಕೆಲಸ ಯಾರು ಕೊಡ್ತಾರೆ?"

ಅಷ್ಟರಲ್ಲಿ ಫೋನ್ ಬಂತು. ಹೋಟೆಲಿನ ನಂಬರು. ಆ ಕಡೆ ರಮಾಕಾಂತರ ಬಳಲಿದ ದನಿ.

"ಲೆಟರ್ ಸಿಕ್ತಾ?"

"ಸಿಕ್ತು ಸರ್."

"ಒಳ್ಳೇದು. ನಿಮ್ಮ ಕೆಲಸ ಆಯ್ತಲ್ಲ, ಅಷ್ಟು ಸಾಕು." ಸ್ವಲ್ಪ ಹೊತ್ತು ಕೆಮ್ಮಿದರು. "ಇಲ್ಲೊಂದು ಮಿಸ್ಟೇಕ್ ಆಗಿದೆ. ನರ್ಸ್ ಬಂದು, ನಿಮ್ಮ ತಮ್ಮ ಪೊಲೀಸ್ ಹತ್ರ ಕೂತು ಅತ್ರಂತೆ ಅಂದ್ಲು. ಫಾರಂ ನೋಡಿದೆ. ಫ್ಯಾಮಿಲಿ ಅಂತಿರೋ ಕಡೆ ನಿಮ್ಮ ಹೆಸರಿದೆ. ಹದಿನಾರು ವರ್ಷದಿಂದ ಆ ಜಾಗ ಖಾಲಿನೇ ಬಿಡ್ತಿದ್ದೆ ನಾನು. ಸುಮ್ನೆ ನಿಮಗ್ಯಾಕೆ ತೊಂದರೆ? ತೆಗೆಸಿಬಿಡ್ಲಾ?"

ದ್ವಾರಕಾನಾಥ ಮೇಜಿನ ಮೇಲಿನ ಜಾಮೀನು ಪತ್ರ ನೋಡಿದ. ತೆಗೆಸಿ ಎಂದರೆ ಆ ಹಾಳೆಗೆ ಜೀವ ಬಂದರೂ ಬರಬಹುದಿತ್ತು. ಎದುರಿಗೆ ಭಾನುಮತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಬೇಡಣ್ಣ, ಇರ್ಲಿ," ಎಂದ.

ಊಟ ಸಪ್ಪೆ, ಒಂದು ಬಾಟಲಿ ಉಪ್ಪಿನಕಾಯಿ ಕಳಿಸೋಕಾಗುತ್ತಾ ಎಂದು ಕೇಳಿ ರಮಾಕಾಂತರು ಫೋನ್ ಇಟ್ಟರು. ಭಾನುಮತಿ ಉಪ್ಪಿನಕಾಯಿ ತೆಗೆಯಲು ಎದ್ದಳು. ದ್ವಾರಕಾನಾಥ ಹಾಳೆಯನ್ನು ಮಗುಚಿ, ಜಪಾನಿನಲ್ಲಿ ತನಗೆ ಯಾವ ಸಂಬಂಧವೂ ಇಲ್ಲದವರು ಯಾರಿದ್ದಾರೆಂದು ಅದರ ಹಿಂಬದಿಯಲ್ಲಿ ಪಟ್ಟಿ ಮಾಡಲು ಕೂತ.