ಪಿಯಾನೊ ಲಮಾರನ ಆರು ಚಕ್ರದ ಗಾಡಿ

ಶನಿವಾರ ಬೆಳಗ್ಗೆ ಕಾಫಿ ಕುಡಿಯುತ್ತ ಲಮಾರ್ ಟಿಡ್ವೆಲ್ ಹೆಂಡತಿಗೆ ಹೇಳಬಾರದ ಮಾತೊಂದನ್ನು ಹೇಳಿಬಿಟ್ಟ.

"ಗೊಬ್ಬರದ ಮೂಟೆ ನಿನ್ನ ಕಾರಲ್ಲೇ ಹಾಕ್ಕೊಂಡು ಬಾ ಜೋನೆಲ್. ನನ್ನ ಗಾಡೀಲಿ ಹಾಕಿದ್ರೆ ಬಣ್ಣಕ್ಕೆ ಗೀರು ಬೀಳುತ್ತೆ."

ಜೋನೆಲ್ ಕೈಯಲ್ಲಿದ್ದ ಬಾಣಲೆಯನ್ನು ಒಲೆಯ ಮೇಲೆ ಇಟ್ಟಳು. ಇಟ್ಟಳು ಎಂದರೆ ಕಡಿಮೆಯಾಯಿತು, ಕುಕ್ಕಿದಳು. ಆಮೇಲೆ ಕಿಟಕಿಯಾಚೆ ನಿಂತಿದ್ದ ಗಾಡಿಯನ್ನು ನೋಡಿದಳು.

ಆ ಗಾಡಿಯನ್ನು ನೋಡದೆ ಇರುವುದೂ ಕಷ್ಟವೇ. ಮುಂದೆ ಎರಡು ಚಕ್ರ, ಹಿಂದೆ ಒಂದೊಂದು ಪಕ್ಕಕ್ಕೆ ಜೋಡಿ ಚಕ್ರ, ಒಟ್ಟು ಆರು. ನಮ್ಮ ಟ್ಯಾಲಿ ಫ್ಲ್ಯಾಟ್ಸ್ ಕಡೆ ಇಂಥ ಪಿಕಪ್ಪುಗಳನ್ನು ಇಟ್ಟುಕೊಂಡವರು ಒಂದು ಮಂದೆ ದನ ತುಂಬಿದ ಟ್ರೇಲರನ್ನು ಎಳೆಯುತ್ತಾರೆ, ಟನ್ನುಗಟ್ಟಲೆ ಒಣಹುಲ್ಲು ಹೊರುತ್ತಾರೆ. ಲಮಾರ್ ಮಾಡುತ್ತಿದ್ದದ್ದು ಪಿಯಾನೊ ಶ್ರುತಿ ಮಾಡುವ ಕೆಲಸ. ಅವನ ಸಾಮಾನೆಲ್ಲ ಡಾಕ್ಟರ ಕೈಚೀಲದಂಥ ಒಂದು ಚೀಲದಲ್ಲಿ ಹಿಡಿಯುತ್ತಿತ್ತು.

ಸುಮ್ಮನೆ ಕೊಂಡು ಬಿಟ್ಟಿದ್ದರೂ ಆಗುತ್ತಿತ್ತು. ಮಹಾನುಭಾವ ಅದಕ್ಕೆ ಶೃಂಗಾರ ಬೇರೆ ಮಾಡಿಸಿದ. ಗಾಡಿಯನ್ನು ಒಂದಡಿ ಮೇಲಕ್ಕೆ ಎತ್ತಿಸಿದ. ಹಿಂದಿನ ಅಗಲ ಸೊಂಟದ ಎರಡೂ ಕಡೆ ಸಾಲು ಸಾಲು ಕಿತ್ತಳೆ ದೀಪ ಕೂರಿಸಿದ. ರೈಲು ಕೂಗಿದ ಹಾಗೆ ಕೂಗುವ ಹಾರನ್ ಹಾಕಿಸಿದ. ಅಡ್ಡ ಬಂದ ಗೂಳಿಯನ್ನು ತಡೆಯಲಿ ಎಂದು ಮುಂದುಗಡೆ ಕಬ್ಬಿಣದ ಕಟಕಟೆ ಹಾಕಿಸಿದ. ಅವನ ಕೆಲಸದಲ್ಲಿ ಅವನಿಗೆ ಎದುರಾದ ಅತಿ ದೊಡ್ಡ ಪ್ರಾಣಿ ಎಂದರೆ ಚರ್ಚಿನ ಪಿಯಾನೊ ಒಳಗೆ ಸಂಸಾರ ಹೂಡಿದ್ದ ಇಲಿ.

"ಕೇಳಿಲ್ಲಿ ಲಮಾರ್," ಎಂದಳು ಜೋನೆಲ್. "ಈ ಗಾಡಿ ಬಂದಾಗಿಂದ ಒಂದು ಹುಲ್ಲುಕಡ್ಡಿ ಹೊತ್ತಿಲ್ಲ. ಊರೋರೆಲ್ಲ ಆಡ್ಕೊಂಡು ನಗ್ತಾರೆ. ಲಬಕ್‌ನಿಂದ ನಮ್ಮ ವೆಲ್ಡನ್ ಸಂಜೆ ಬರ್ತಾನೆ, ಕೊಂಡ್ಕೊಳ್ತೀನಿ ಅಂದಿದಾನೆ. ಅವನು ಬರೋದ್ರೊಳಗೆ ಇದು ಯಾರಿಗಾದ್ರೂ ಒಂದು, ಒಂದೇ ಒಂದು, ಉಪಕಾರದ ಕೆಲಸ ಮಾಡ್ಲಿ. ಮಾಡಿದ್ರೆ ಇಟ್ಕೊ. ಇಲ್ದಿದ್ರೆ ಬೀಗದ ಕೈ ಅವನಿಗೆ."

"ನಿನ್ನ ಅಣ್ಣಂಗಾ? ಅವನು ಅದ್ರಲ್ಲಿ ಹಂದಿ ತುಂಬ್ತಾನೆ ಕಣೇ!"

"ತುಂಬ್ಲಿ. ಹಂದಿಗಾದ್ರೂ ಉಪಯೋಗ ಆಗುತ್ತೆ."

ಜೋನೆಲ್ ಮಾತಿಗೆ ತಪ್ಪುವವಳಲ್ಲ, ಅದೇ ಅವಳಲ್ಲಿದ್ದ ದೊಡ್ಡ ದೋಷ. ಲಮಾರ್ ಬೂಟು ಏರಿಸಿಕೊಂಡು ಉಪಕಾರ ಹುಡುಕಿಕೊಂಡು ಹೊರಟ.

ಬೇಕಾದಾಗ ಉಪಕಾರವೂ ಸಿಗುವುದಿಲ್ಲ. ಪಕ್ಕದ ಮನೆಯ ಒಝೆಲ್ಲಾ ಅಜ್ಜಿ ಹೊಸ ಸೋಫಾ ತರಿಸುತ್ತೇನೆಂದು ವರ್ಷದಿಂದ ಹೇಳುತ್ತಿದ್ದಳು. "ನಿನ್ನೆ ತಾನೆ ಬಂತಲ್ಲೋ," ಎಂದಳು. ದನದ ಮೇವು, ಉಪ್ಪು ಮಾರುವ ದಾಣಿಯಂಗಡಿಯ ಕಾಯ್ ಮೆಡ್ಲಾಕ್ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಇದ್ರಲ್ಲಿ ಮೂಟೆ ಹಾಕೋಕೆ ನಂಗೇ ಮನಸ್ಸು ಬರಲ್ಲ ಮಾರಾಯ, ಮದುವೆ ಹೆಣ್ಣಿನ ಹಾಗಿದೆ," ಎಂದು ನಕ್ಕ.

ಲಮಾರ್ ಮುಖ ಇಳಿಬಿಟ್ಟುಕೊಂಡು ಅಂಗಡಿ ಮುಂದೆಯೇ ನಿಂತಿದ್ದಾಗ ಹಾರ್ಲನ್ ಬೋಟ್‌ರೈಟ್ ಓಡೋಡಿ ಬಂದ. ಹಾರ್ಲನ್ ನಮ್ಮೂರ ಬೆಂಕಿ ದಳದ ನಾಯಕ. ಸಂಬಳವಿಲ್ಲದ ದಳ, ಊರಿನ ಗಂಡಸರು ಹೆಂಗಸರೇ ಸೇರಿ ನಡೆಸುವಂಥದ್ದು. ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ಓಡುತ್ತಿದ್ದ ಅವರ ಹಳೇ ಗಾಡಿ ಕೆಮ್ಮುತ್ತ ಕೆಮ್ಮುತ್ತ ದಿನ ತಳ್ಳುತ್ತಿತ್ತು. ಹೊಸದಕ್ಕೆ ದುಡ್ಡು ಕೂಡಿಸಲೆಂದೇ ಆ ದಿನ ಊರೂಟ ಇಟ್ಟುಕೊಂಡಿದ್ದರು.

"ಲಮಾರ್, ಕೆಟ್ಟೆ ಕಣಯ್ಯ! ನಮ್ಮ ಗಾಡಿ ಇವತ್ತೇ ಕಣ್ಣು ಮುಚ್ಚಿಬಿಡ್ತು. ಒಲೆ ನಮ್ಮನೆ ಹಿತ್ತಿಲಲ್ಲೇ ಇದೆ. ಊಟ ಮಧ್ಯಾಹ್ನಕ್ಕೆ. ದೊಡ್ಡ ಗಾಡಿ ಇರೋರೆಲ್ಲ ದನದ ಸಂತೆಗೆ ಹೋಗಿದಾರೆ, ಒಲೇನ ದಳದ ಅಂಗಳಕ್ಕೆ ಎಳೆಯೋರು ಯಾರೂ ಇಲ್ಲ."

ಒಲೆ ಎಂದರೆ ಅಡಿಗೆಮನೆಯ ಒಲೆಯಲ್ಲ. ಎಣ್ಣೆಬಾವಿಯ ದಪ್ಪ ಕೊಳವೆಯನ್ನು ಸೀಳಿ, ಬೆಸೆದು, ಟ್ರೇಲರ್ ಮೇಲೆ ಕೂರಿಸಿದ ಭೂತ ಅದು. ಹಿಂದಿನ ತುದಿಯಲ್ಲಿ ಸೌದೆ ಉರಿಯುವ ಗೂಡು. ಕೊಳವೆಯೊಳಗೆ ರಾತ್ರಿಯಿಡೀ ಹೊಗೆಯಲ್ಲಿ ಬೇಯುತ್ತಿದ್ದ ದನದ ಎದೆಮಾಂಸ, ಇಡೀ ಊರಿಗಾಗುವಷ್ಟು. ನಡುವೆ ಬೆಂಕಿ ಆರಿಸಿದರೆ ಮಾಂಸ ಚಪ್ಪಲಿಯ ಅಟ್ಟೆಯಾಗುತ್ತದೆ. ಅದಕ್ಕೇ ನಮ್ಮ ಕಡೆ ಒಲೆಯನ್ನು ಉರಿಯುತ್ತಿದ್ದ ಹಾಗೆಯೇ ಎಳೆದುಕೊಂಡು ಹೋಗುತ್ತಾರೆ. ಬೆಂಕಿ ದಳದವರೇ ಹಾಗೆ ಮಾಡುವಾಗ ಕೇಳುವವರು ಯಾರು?

ಲಮಾರ್ ಹಾರ್ಲನ್‌ನನ್ನು ತಬ್ಬಿಕೊಂಡುಬಿಟ್ಟ.

ಹಿತ್ತಿಲಿಗೆ ಹೋಗಿ ಗಾಡಿ ಹಿಂದಕ್ಕೆ ತೆಗೆದರೆ ಶುರುವಾಯಿತು ಪಜೀತಿ. ಗಾಡಿಯನ್ನು ಒಂದಡಿ ಎತ್ತಿಸಿದ್ದನಲ್ಲ, ಕೊಂಡಿಗೆ ಸಿಕ್ಕಿಸಿದ ಕೂಡಲೇ ಒಲೆಯ ಮೂಗು ಆಕಾಶ ನೋಡಿತು, ಬಾಲ ನೆಲಕ್ಕೆ ಬಗ್ಗಿತು.

"ಇದು ಆಗಲ್ಲ," ಎಂದ ಹಾರ್ಲನ್. "ಕರಗಿದ ಕೊಬ್ಬೆಲ್ಲ ಹಿಂದಕ್ಕೆ ಹರಿದು ಬೆಂಕಿಗೂಡಿಗೆ ಬೀಳುತ್ತೆ."

"ಹಿಂದೆ ಭಾರ ಹಾಕಿದ್ರೆ ಗಾಡಿ ತಗ್ಗುತ್ತೆ," ಎಂದ ಹಿಂದೆಯೇ ಬಂದಿದ್ದ ಕಾಯ್. "ಏ, ಎಲ್ಲ ಹತ್ರಪ್ಪ!"

ಬೇಲಿಯ ಮೇಲೆ ಕತ್ತು ಚಾಚಿದ್ದವರೆಲ್ಲ ಹತ್ತಿದರು. ಕಾಯ್ ಹತ್ತಿದ, ಅವನ ಇಬ್ಬರು ಭಾವಂದಿರು ಹತ್ತಿದರು, ಮೈಕೈ ತುಂಬಿಕೊಂಡಿದ್ದ ಅಂಚೆಕಚೇರಿಯ ಹೆಂಗಸೂ ಹತ್ತಿದಳು. ಗಾಡಿ ಕೂದಲೆಳೆಯಷ್ಟೂ ಬಗ್ಗಲಿಲ್ಲ.

"ಏನ್ ಗಾಡಿ ತಗೊಂಡಿದೀಯೋ!" ಎಂದು ಕಾಯ್ ಹಣೆ ಚಚ್ಚಿಕೊಂಡ.

"ಭಾರ ಹೊರೋಕೇ ಮಾಡಿರೋದು ಕಣೋ ಇದು," ಎಂದು ಲಮಾರ್ ಎದೆಯುಬ್ಬಿಸಿದ. ತನ್ನ ಕುತ್ತಿಗೆಗೆ ಬಂದಿರುವುದೂ ಅದೇ ಎಂದು ಅವನಿಗೆ ಹೊಳೆಯಲಿಲ್ಲ.

ಕಡೆಗೆ ಜನ ಇಳಿದರು, ಕಾಯ್ ಅಂಗಡಿಯ ಉಪ್ಪಿನ ಮೂಟೆಗಳು ಏರಿದವು. ಬಣ್ಣಕ್ಕೆ ಒಂದೊಂದು ಗೀರು ಬಿದ್ದಾಗಲೂ ಲಮಾರ್ ಕಣ್ಣು ಮುಚ್ಚಿಕೊಂಡ. ಅಂಗಡಿ ಅರ್ಧ ಖಾಲಿಯಾದ ಮೇಲೆ ಗಾಡಿ ದೊಡ್ಡ ಮನಸ್ಸು ಮಾಡಿ ನಾಲ್ಕು ಬೆರಳು ತಗ್ಗಿತು.

"ಇಷ್ಟು ಸಾಕು," ಎಂದ ಹಾರ್ಲನ್. "ಆದ್ರೆ ನೋಡು, ಸುತ್ತು ದಾರೀಲಿ ಹೋಗು, ಅದು ಸಮತಟ್ಟು. ಪೇಟೆ ರಸ್ತೇಲಿ ಹಳ್ಳದ ಏರು ಇದೆ. ಏರಿನಲ್ಲಿ ಒಲೆ ಇನ್ನೂ ಹಿಂದಕ್ಕೆ ಬಗ್ಗುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಬಿಡು."

ಹಾರ್ಲನ್ ಮೇಜು ಜೋಡಿಸಲು ಮುಂದೆ ಹೋದ. ಬೀನ್ಸ್ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಒಝೆಲ್ಲಾ ಅಜ್ಜಿ ಲಮಾರನ ಪಕ್ಕ ಹತ್ತಿ ಕುಳಿತಳು. ಉಳಿದವರು ತಮ್ಮ ತಮ್ಮ ಕಾರಿನಲ್ಲಿ ಹಿಂದೆ ಹೊರಟರು.

ಕವಲು ಬಂತು. ಬಲಕ್ಕೆ ಸುತ್ತು ದಾರಿ, ಅಲ್ಲಿ ನೋಡುವವರು ಎಂದರೆ ಒಂದೆರಡು ಗಾಳಿಯಂತ್ರ. ಎಡಕ್ಕೆ ಪೇಟೆ, ಕೋರ್ಟು, ಬ್ಯಾಂಕು, ಕ್ಷೌರದಂಗಡಿ, ತಿಂಗಳುಗಟ್ಟಲೆ ತನ್ನನ್ನು ಆಡಿಕೊಂಡಿದ್ದ ಸಮಸ್ತ ಜನ. ಇಂಥ ದಿನ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ಲಮಾರ್ ಎಡಕ್ಕೆ ತಿರುಗಿಸಿದ.

ಹಳ್ಳದ ಏರು ಹತ್ತುವಾಗ ಒಲೆಯೊಳಗೆ ಗಳಗಳ ಎಂದು ಏನೋ ಹರಿದ ಸದ್ದಾಯಿತು. ಆಮೇಲೆ ಭುಸ್ ಎಂದಿತು.

"ಏನೋ ಸೀದ ವಾಸನೆ ಕಣೋ," ಎಂದಳು ಅಜ್ಜಿ.

"ಹೊಗೇಲಿ ಬೆಂದ ಮಾಂಸ ಅಜ್ಜಿ, ಹಾಗೇ ಇರ್ಬೇಕು."

ಲಮಾರ್ ಪಕ್ಕದ ಕನ್ನಡಿ ನೋಡಿದ. ಕನ್ನಡಿ ತುಂಬ ಕಿತ್ತಳೆ ಬಣ್ಣ ಥಳಥಳಿಸುತ್ತಿತ್ತು. ತಾನೇ ಆರಿಸಿ ತಂದ ದೀಪಗಳು ಹಗಲಲ್ಲೂ ಇಷ್ಟು ಚೆನ್ನಾಗಿ ಕಾಣುತ್ತವಲ್ಲ ಎಂದು ಅವನಿಗೆ ತುಂಬ ಸಂತೋಷವಾಯಿತು.

ಹಿಂದಿನ ಕಾರುಗಳೆಲ್ಲ ಒಟ್ಟಿಗೆ ಹಾರನ್ ಬಾರಿಸತೊಡಗಿದವು. ಕಾಯ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈ ಬೀಸುತ್ತಿದ್ದ.

"ಮೆರವಣಿಗೆ ಮಾಡ್ತಿದಾರೆ ನೋಡಜ್ಜಿ!" ಎಂದು ಲಮಾರ್ ತನ್ನ ರೈಲು ಹಾರನ್ ಒತ್ತಿದ. ಕೋರ್ಟಿನ ಪಾರಿವಾಳಗಳೆಲ್ಲ ಎದ್ದವು.

ಕ್ಷೌರದಂಗಡಿಯಿಂದ ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಓಡಿ ಬಂದು ಕೂಗಿದ. ಬ್ಯಾಂಕಿನವರು ಕೂಗಿದರು. ಯಾರು ಏನು ಕೂಗಿದರೂ ರೈಲು ಹಾರನ್ನಿನ ಮುಂದೆ ಕೇಳುವುದುಂಟೆ? ಲಮಾರ್ ಟೋಪಿ ತೆಗೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿದ. ಒಬ್ಬ ಹುಚ್ಚನಂತೆ ಬಕೆಟ್ ಹಿಡಿದು ಗಾಡಿಯ ಹಿಂದೆ ಓಡಿ ನೀರು ಎರಚಿದ. ನೀರು ಬಕೆಟ್ಟಿನವನ ಹೆಂಡತಿಯ ಮೇಲೆಯೇ ಬಿತ್ತು.

"ಇಷ್ಟೊಂದು ಪ್ರೀತಿ ಇತ್ತಾ ನನ್ನ ಮೇಲೆ!" ಎಂದು ಲಮಾರನ ಕಣ್ಣು ತುಂಬಿ ಬಂತು.

ದಳದ ಅಂಗಳಕ್ಕೆ ಅವನು ತಿರುಗಿದಾಗ ಒಲೆಯ ಹಿಂಭಾಗ ಆಳೆತ್ತರ ಉರಿಯುತ್ತಿತ್ತು. ಪುಣ್ಯಕ್ಕೆ ಬೆಂಕಿ ಆರಿಸುವವರೆಲ್ಲ ಅಲ್ಲೇ ಇದ್ದರು. ಹಾರ್ಲನ್ ಕೈಯಲ್ಲಿದ್ದ ತಟ್ಟೆ ಎಸೆದು ನೀರಿನ ಕೊಳವೆ ಹಿಡಿದ. ಲಮಾರ್ ಇಳಿದು ಹಿಂದೆ ತಿರುಗಿ ನೋಡಿದ. ಅವನ ಬಾಯಿಂದ ಹೊರಟ ಸ್ವರ ಯಾವ ಪಿಯಾನೊದಲ್ಲೂ ಇಲ್ಲ.

"ಹೋಯ್ತು, ಊರೂಟಾನೇ ಸುಟ್ಟುಬಿಟ್ಟ!" ಎಂದು ಯಾರೋ ಅಂದರು. ಲಮಾರ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ. ಗಾಡಿ ಹೋಯಿತು, ಮಾನ ಹೋಯಿತು, ಇನ್ನು ಹಂದಿಗಳೇ ಗತಿ.

ಬೆಂಕಿ ಆರಿಸಿ ಹಾರ್ಲನ್ ಒಲೆಯ ಮುಚ್ಚಳ ಎತ್ತಿದ. ಗೂಡಿನ ಪಕ್ಕದ ನಾಲ್ಕು ತುಂಡು ಇದ್ದಿಲಾಗಿದ್ದವು. ಉಳಿದವು ಮೇಲೆ ಕಪ್ಪಗೆ ಗರಿಗರಿ, ಒಳಗೆ ಬೆಣ್ಣೆ. ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡ. ಎಲ್ಲರೂ ಅವನ ಬಾಯನ್ನೇ ನೋಡುತ್ತ ನಿಂತರು. ಹಾರ್ಲನ್ ಇನ್ನೊಂದು ಚೂರು ಕತ್ತರಿಸಿಕೊಂಡ. ಅಷ್ಟು ಸಾಕಾಯಿತು, ಜನ ತಟ್ಟೆ ಹಿಡಿದು ನುಗ್ಗಿದರು.

ಊಟದ ನಡುವೆ ಜೋನೆಲ್ ಗಂಡನ ಹತ್ತಿರ ಬಂದಳು. "ವೆಲ್ಡನ್‌ಗೆ ಫೋನ್ ಮಾಡಿ ಬರಬೇಡ ಅಂದೆ. ಅವನೂ ಬೇರೆ ಗಾಡಿ ನೋಡ್ಕೊಂಡನಂತೆ. ಮಾತು ಅಂದ್ರೆ ಮಾತು. ಗಾಡಿ ಕೆಲಸ ಮಾಡ್ತು, ನಿಂದೇ ಇಟ್ಕೊ." ಆಮೇಲೆ ಸ್ವಲ್ಪ ಮೆಲ್ಲಗೆ, "ಇವತ್ತು ನಿನ್ನ ನೋಡಿ ಹೆಮ್ಮೆ ಆಯ್ತು ಕಣೋ," ಎಂದಳು.

ಲಮಾರ್ ನೆಲದ ಮೇಲೆ ನಿಲ್ಲಲಿಲ್ಲ. ಅದೇ ಹೊತ್ತಿಗೆ ಹಾರ್ಲನ್ ಮೈಕು ಅವನ ಕೈಗೆ ಕೊಟ್ಟು, ಎರಡು ಮಾತಾಡು ಎಂದ. ಜೀವಮಾನದಲ್ಲಿ ಯಾರೂ ಲಮಾರನಿಗೆ ಮೈಕು ಕೊಟ್ಟಿರಲಿಲ್ಲ.

"ಸ್ನೇಹಿತರೇ," ಎಂದ ಅವನು, "ಇದೇನು ದೊಡ್ಡ ಉಪಕಾರ? ಒಂದು ಒಲೆ ಎಳೆದೆ, ಅಷ್ಟೇ ತಾನೆ. ನಮ್ಮ ದಳದ ಗಾಡಿ ಸತ್ತುಹೋಯ್ತು ಅಂತ ಕೇಳಿ ನನ್ನ ಕರುಳು ಕಿವುಚಿತು. ನೀವು ಬಾಯಿಬಿಟ್ಟು ಕೇಳಿದ್ದಿದ್ರೆ, ದೇವರಾಣೆ, ಈ ಗಾಡೀನೇ ಕೊಟ್ಬಿಡ್ತಿದ್ದೆ. ಏನ್ ಮಾಡೋದು, ಯಾರೂ ಕೇಳಲಿಲ್ಲ!"

ಹಾರ್ಲನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಲಮಾರ್, ಕೇಳ್ತಾ ಇದೀನಿ."

ಎಲ್ಲರೂ ಬಾಯಲ್ಲಿದ್ದದ್ದನ್ನು ನುಂಗಿದರು. ಆಮೇಲೆ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಝೆಲ್ಲಾ ಅಜ್ಜಿ ಕಣ್ಣೊರೆಸಿಕೊಂಡಳು. ಲಮಾರ್ ಕಾಪಾಡು ಎನ್ನುವಂತೆ ಹೆಂಡತಿಯನ್ನು ನೋಡಿದ. ಜೋನೆಲ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಬೀಗದ ಕೈ ಅವನ ಜೇಬಿನಿಂದ ಹಾರ್ಲನ್ ಕೈಗೆ ಹೇಗೆ ಹೋಯಿತೋ ಅವನಿಗೂ ತಿಳಿಯದು.

ಕಾಯ್ ಆಗಲೇ ಉಪ್ಪಿನ ಮೂಟೆ ಇಳಿಸುತ್ತ ನೀರಿನ ತೊಟ್ಟಿ ಎಲ್ಲಿ ಕೂರಿಸಬೇಕೆಂದು ಗೇಣು ಹಾಕಿ ಅಳೆಯುತ್ತಿದ್ದ. "ದೀಪ ಇದೆ, ಹಾರನ್ ಇದೆ, ಎತ್ತರ ಇದೆ. ಬೆಂಕಿ ಗಾಡಿಗೆ ಇನ್ನೇನಪ್ಪ ಬೇಕು? ಹೇಳಿ ಮಾಡಿಸಿದ ಹಾಗಿದೆ."

ಜನ ಕರಗಿದ ಮೇಲೆ ಲಮಾರ್ ಹಾರ್ಲನ್‌ನನ್ನು ಪಕ್ಕಕ್ಕೆ ಕರೆದ.

"ಹೋಗ್ಲಿ ಹಾರ್ಲನ್, ಕೊಟ್ಟಿದ್ದಾಯ್ತು. ನನ್ನನ್ನೂ ದಳಕ್ಕೆ ಸೇರಿಸ್ಕೊ. ಎಲ್ಲಾದ್ರೂ ಬೆಂಕಿ ಬಿದ್ದಾಗ ಗಾಡಿ ನಾನೇ ಓಡಿಸ್ತೀನಿ. ಅಷ್ಟಾದ್ರೂ ಮಾಡು ಮಾರಾಯ."

ಹಾರ್ಲನ್ ಅವನ ಹೆಗಲ ಮೇಲೆ ಕೈ ಹಾಕಿದ. ಒಳ್ಳೆಯ ಮನುಷ್ಯ, ಅವನಿಗೂ ಹೇಳಲು ಸಂಕಟವಾಯಿತು.

"ಆಗಲ್ಲ ಕಣಪ್ಪ," ಎಂದ. "ಆ ಕೆಲಸಕ್ಕೆ ಬೇಕಾಗಿರೋದು ಬೆಂಕಿ ಬಿದ್ರೆ ಗೊತ್ತಾಗೋರು."